ಆಡುತ್ತಿರುವಾಗಲೇ ಬಂದ ಸನ್ಮಾನ ಪತ್ರಿಕೆ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದ ಪ್ರಕರಣ. ಹೆಸರು, ವಯಸ್ಸು, ಆಡುವ ಸ್ಥಾನ, ಕುಟುಂಬದ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.)

ತಮ್ಮ ಹಾಕಿ ಆಟ ಮುಗಿಯಿತೆಂಬುದು ಈರಣ್ಣನವರಿಗೆ ತಿಳಿದದ್ದು ಒಂದು ಆಮಂತ್ರಣ ಪತ್ರಿಕೆಯಿಂದ. ಸಂಘದ ವಾರ್ಷಿಕ ಟೂರ್ನಿಯ ಉದ್ಘಾಟನೆಯ ದಿನ ಸನ್ಮಾನಿತರಾಗುವವರ ಸಾಲಿನಲ್ಲಿ ಅವರ ಭಾವಚಿತ್ರವಿತ್ತು, ಕೆಳಗೆ 'ಮಾಜಿ ಆಟಗಾರರು' ಎಂದು ಅಚ್ಚಾಗಿತ್ತು. ಹಿಂದಿನ ದಿನ ಬೆಳಗ್ಗೆಯೂ ಅವರು ಅದೇ ತಂಡದೊಂದಿಗೆ ಅಭ್ಯಾಸ ಮಾಡಿ ಬಂದಿದ್ದರು. ತರಬೇತುದಾರರು ಏನೂ ಹೇಳಿರಲಿಲ್ಲ. ಪತ್ರಿಕೆಯನ್ನು ಮನೆಗೆ ತಂದುಕೊಟ್ಟ ಹುಡುಗ, ಶುಭಾಶಯ ಹೇಳಿ ಕಾಲಿಗೆ ನಮಸ್ಕರಿಸಿ ಹೋದನಂತೆ.

ಮೂವತ್ತೇಳರ ಈರಣ್ಣ ಮೂಲತಃ ಬೆಟಗೇರಿಯ ಕಡೆಯವರು. ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಕ್ಕ ಮೇಲೆ ಹುಬ್ಬಳ್ಳಿಯಲ್ಲಿ ನೆಲೆಸಿದ್ದಾರೆ. ಆಪ್ತಸಲಹೆಗಾಗಿ ನನ್ನ ಬಳಿಗೆ ಕರೆತಂದವರು ಅವರ ಹೆಂಡತಿ. ಈರಣ್ಣನವರಿಗೆ ಬರಲು ಇಷ್ಟವಿರಲಿಲ್ಲ. "ನಿದ್ದೆಗೆ ಮಾತ್ರ ಏನಾದರೂ ಕೊಡಿಸಿ ಮೇಡಂ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು. ಪತ್ರಿಕೆ ಬಂದಾಗಿನಿಂದ ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು. ಮೈದಾನಕ್ಕೆ ಹೋಗುವುದು ನಿಂತಿತ್ತು. ಸಂಜೆಯ ಕುಡಿತ ಹೆಚ್ಚಾಗಿತ್ತು. ತಟ್ಟೆಯ ಮುಂದೆ ಕುಳಿತು ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದರು.

ಕರ್ನಾಟಕದ ಹಾಕಿ ಎಂದೊಡನೆ ಎಲ್ಲರೂ ಕೊಡಗಿನ ಕಡೆ ನೋಡುತ್ತಾರೆ, ಅದು ಸಹಜವೇ. ಆದರೆ ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಭಾಗದಲ್ಲಿ, ಗದಗ–ಬೆಟಗೇರಿಯ ಓಣಿಗಳಲ್ಲಿ ಹಾಕಿ ಕೋಲು ಹಿಡಿದ ಹುಡುಗನಿಗೆ ಆಟವೆಂದರೆ ಬಡತನದಿಂದ ಹೊರಬರುವ ದಾರಿ. ಚೆನ್ನಾಗಿ ಆಡಿದರೆ ಕ್ರೀಡಾ ಹಾಸ್ಟೆಲ್, ಇನ್ನೂ ಚೆನ್ನಾಗಿ ಆಡಿದರೆ ನೌಕರಿ, ನೌಕರಿಯಿಂದ ಒಂದು ಮನೆ. ಈರಣ್ಣನವರ ಮನೆಯ ಗೋಡೆ, ತಂಗಿಯ ಮದುವೆ, ಅವ್ವನ ಕಣ್ಣಿನ ಶಸ್ತ್ರಚಿಕಿತ್ಸೆ ಎಲ್ಲವೂ ಅವರ ಎರಡು ಕಾಲುಗಳ ಗಳಿಕೆ. ಆ ಕಾಲುಗಳು ಸೋಲುತ್ತಿವೆ ಎಂದು ಒಪ್ಪಿಕೊಳ್ಳುವುದು ಅವರಿಗೆ ಏಕೆ ಅಷ್ಟು ಕಷ್ಟವಾಯಿತೆಂದು ತಿಳಿಯಲು ಇಷ್ಟು ಸಾಕು.

ಮೊದಲ ಭೇಟಿಯಲ್ಲೇ ನಾನು ಸಾವಿನ ಬಗ್ಗೆ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಯಲ್ಲಿ ಹುಟ್ಟುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಬಹಳಷ್ಟು ಜನ ಯಾರಾದರೂ ಕೇಳಲಿ ಎಂದೇ ಕಾದಿರುತ್ತಾರೆ. ಈರಣ್ಣ ತುಸು ಹೊತ್ತು ಸುಮ್ಮನಿದ್ದು, "ಸಾಯಬೇಕು ಅನ್ನಿಸಿಲ್ಲ. ಬೆಳಗ್ಗೆ ಏಳದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ" ಎಂದರು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಅವರ ಒಪ್ಪಿಗೆಯಿಂದ ಹೆಂಡತಿಯನ್ನೂ ಅಣ್ಣನನ್ನೂ ಕೂರಿಸಿ ವಿಷಯ ತಿಳಿಸಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಲು ಪತ್ರ ಬರೆದುಕೊಟ್ಟೆ. ನಡುರಾತ್ರಿ ಮನಸ್ಸು ಕೈಮೀರಿದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಮೊಬೈಲ್‌ನಲ್ಲೂ ಉಳಿಸಿಕೊಳ್ಳಲು ಹೇಳಿದೆ. ಆಪ್ತಸಲಹೆಗೆ ಅದರ ಮಿತಿಯಿದೆ. ಖಿನ್ನತೆಗೆ ಔಷಧ ಬೇಕಿದ್ದಲ್ಲಿ ಬರಿಯ ಮಾತಿನಿಂದ ದಿನ ತಳ್ಳುವುದು ತಪ್ಪು.

ನಂತರ ದೇಹದ ಮಾತು ಬಂತು. ಬಲ ಮೊಣಕಾಲಿನಲ್ಲಿ ನೋವು, ಬಗ್ಗಿ ಆಡುವ ಆಟವಾದ್ದರಿಂದ ಸೊಂಟದಲ್ಲೂ ನೋವು. ಪ್ರತಿ ಪಂದ್ಯಕ್ಕೂ ಮೊದಲು ಔಷಧ ಅಂಗಡಿಯಿಂದ ತಾವೇ ತಂದ ನೋವಿನ ಮಾತ್ರೆ, ಸಂಜೆ ಅದರ ಮೇಲೆ ಮದ್ಯ. ಇವೆರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಟೂರ್ನಿಗೆ ಮುಂಚೆ ಮೊಣಕಾಲಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡರೆ ಇನ್ನೊಂದು ಋತು ಆಡಬಹುದೆಂದು ಗೆಳೆಯರೊಬ್ಬರು ಸಲಹೆ ಕೊಟ್ಟಿದ್ದರು. ಆ ಬಗೆಯ ಚುಚ್ಚುಮದ್ದು 2022ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ಉದ್ದೀಪನ ಮದ್ದಿನ ನಿಷೇಧದ ಪಟ್ಟಿಯಲ್ಲಿದೆ. ಇಷ್ಟು ವರ್ಷ ಕಳಂಕವಿಲ್ಲದೆ ಆಡಿದವರು ಕೊನೆಯಲ್ಲಿ ಅಂಥ ಸುಳಿಗೆ ಸಿಕ್ಕಿಬೀಳಬಾರದು. ಮೂಳೆ ವೈದ್ಯರನ್ನು ಕಂಡು ಮೊಣಕಾಲಿನ ನಿಜಸ್ಥಿತಿ ತಿಳಿಯುವ ತನಕ ಯಾವ ತೀರ್ಮಾನವೂ ಬೇಡ ಎಂದೆ.

ಆಟದ ಇಳಿತವನ್ನು ಅವರು ನನಗೆ ವಿವರಿಸಿದ ರೀತಿಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. "ಚೆಂಡು ಎಲ್ಲಿಗೆ ಬರುತ್ತದೆ ಅನ್ನುವುದು ಮೊದಲಿಗಿಂತ ಬೇಗ ಗೊತ್ತಾಗುತ್ತದೆ ಮೇಡಂ. ನನ್ನ ಕಾಲು ಅಲ್ಲಿಗೆ ಮುಟ್ಟುವ ಹೊತ್ತಿಗೆ ಹುಡುಗ ಬಂದಿರುತ್ತಾನೆ. ಅವನಿಗೆ ಗೊತ್ತಿರುವುದಿಲ್ಲ, ಓಡಿಬರುತ್ತಾನೆ ಅಷ್ಟೇ." ಮೂವತ್ತು ದಾಟಿದ ಮೇಲೆ ಉಸಿರಿನ ಸಾಮರ್ಥ್ಯವೂ ಮಿಂಚಿನ ಓಟಕ್ಕೆ ಬೇಕಾದ ಸ್ನಾಯುಗಳ ಬಲವೂ ನಿಧಾನವಾಗಿ ಇಳಿಯುತ್ತವೆ. ಅಭ್ಯಾಸದಿಂದ ಆ ಇಳಿತವನ್ನು ತಡಮಾಡಬಹುದು, ನಿಲ್ಲಿಸಲಾಗದು. ಆಟವನ್ನು ಓದುವ ಬುದ್ಧಿ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ತಿಳಿವಳಿಕೆ ತುದಿ ಮುಟ್ಟಿದ ಹೊತ್ತಿಗೇ ದೇಹ ಕೈಕೊಡುವುದನ್ನು ಅವರು ಪ್ರತಿ ಪಂದ್ಯದಲ್ಲೂ ಅನುಭವಿಸುತ್ತಿದ್ದರು.

ಅದರ ಮೇಲೆ ಆಟವೇ ಬದಲಾಗಿದೆ. ಅವರು ಕಲಿತದ್ದು ಮಣ್ಣಿನ ಮೈದಾನದಲ್ಲಿ. ಚೆಂಡು ಪುಟಿಯುವ ಜಾಗದಲ್ಲಿ ಅದನ್ನು ಕೋಲಿಗೆ ಅಂಟಿಸಿಕೊಂಡು ಹೋಗುವ ಕಲೆ ಅದು. ಒಲಿಂಪಿಕ್ಸ್ ಹಾಕಿ 1976ರ ಮಾಂಟ್ರಿಯಲ್‌ನಲ್ಲೇ ಕೃತಕ ಹುಲ್ಲಿಗೆ ಹೋಯಿತು, ನಮ್ಮ ಓಣಿಯ ಮಕ್ಕಳು ಇಂದಿಗೂ ಮಣ್ಣಿನಲ್ಲೇ ಕಲಿಯುತ್ತಾರೆ. ಹಿಂದೆ ಮೂವತ್ತೈದು ನಿಮಿಷಗಳ ಎರಡು ಅವಧಿಗಳಿದ್ದವು, ಈಗ ಹದಿನೈದು ನಿಮಿಷಗಳ ನಾಲ್ಕು. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದಾದ್ದರಿಂದ, ಕೆಲವೇ ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ ಹೊರಗೆ ಕರೆಯುತ್ತಾರೆ. ಈರಣ್ಣ ತಮ್ಮನ್ನು ಹೊರಗೆ ಕರೆದಾಗಲೆಲ್ಲ ಅವಮಾನವೆಂದು ಎಣಿಸಿದ್ದರು. ಅದೇ ಪಂದ್ಯದಲ್ಲಿ ಇಪ್ಪತ್ತೆರಡರ ಹುಡುಗರನ್ನೂ ಅಷ್ಟೇ ಸಲ ಕರೆದಿದ್ದರು ಎಂಬುದು, ಅಣ್ಣನ ಮಗ ತಂದು ತೋರಿಸಿದ ವಿಡಿಯೊ ನೋಡುವವರೆಗೆ ಅವರ ಗಮನಕ್ಕೆ ಬಂದಿರಲಿಲ್ಲ.

ನೋವಿನ ದೊಡ್ಡ ಪಾಲು ಕಚೇರಿಯಲ್ಲಿತ್ತು. ಇದನ್ನು ಹೊರತೆಗೆಯಲು ಸಮಯ ಹಿಡಿಯಿತು. ಆಡುವವರೆಗೆ ಬೆಳಗ್ಗೆ ಅಭ್ಯಾಸಕ್ಕೆ ವಿನಾಯಿತಿ, ಟೂರ್ನಿಗೆ ವಿಶೇಷ ರಜೆ ಇರುತ್ತಿತ್ತು. ಆಟ ನಿಂತ ಮರುದಿನದಿಂದ ಪೂರ್ತಿ ದಿನ ಮೇಜಿನ ಮುಂದೆ ಕೂರಬೇಕು. ಹದಿನಾಲ್ಕು ವರ್ಷಗಳ ಸೇವೆಯಲ್ಲಿ ಒಂದು ಕಡತವನ್ನೂ ಅವರು ಪೂರ್ತಿಯಾಗಿ ಮುಗಿಸಿದವರಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬರುವುದಿಲ್ಲ. "ಕಪ್ ತಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವರ ಮುಂದೆ, ಇದು ಹೇಗೆ ಮಾಡುವುದು ಅಂತ ಕೇಳಬೇಕು" ಎಂದಾಗ ಅವರ ಧ್ವನಿ ಒಡೆಯಿತು. ಪತ್ರಿಕೆಯ ಬಗ್ಗೆ ಮಾತನಾಡಿದಾಗ ಬಾರದ ಕಣ್ಣೀರು ಆಗ ಬಂತು.

ಇದಕ್ಕೆ ನಾನು ಕೊಟ್ಟ ಸಲಹೆ ಸರಳ. ಕಚೇರಿಯಲ್ಲಿ ನಂಬಿಕೆಗೆ ಅರ್ಹರಾದ ಒಬ್ಬರನ್ನು ಆರಿಸಿಕೊಂಡು, ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ಕಲಿಯುವುದು. ಎಲ್ಲವನ್ನೂ ಬೇಡ, ಒಂದೇ ಸಾಕು. ಅವರು ಆರಿಸಿಕೊಂಡದ್ದು ಹೊಸದಾಗಿ ಸೇರಿದ್ದ ಒಬ್ಬ ಹುಡುಗಿಯನ್ನು. ಅವಳಿಗೆ ಹಾಕಿಯ ಗಂಧಗಾಳಿ ಇಲ್ಲ, ಈರಣ್ಣ ಯಾರೆಂಬುದೂ ಗೊತ್ತಿಲ್ಲ. ಅದಕ್ಕೇ ಅವಳನ್ನು ಆರಿಸಿದೆ ಎಂದರು.

ಹೆಂಡತಿಯ ವಿಷಯ ಸೂಕ್ಷ್ಮವಾಗಿತ್ತು. ಪತ್ರಿಕೆ ಬಂದ ಸಂಜೆ ಅವರು, "ಹೋಗಲಿ ಬಿಡಿ, ಇನ್ನಾದರೂ ಮನೆಯಲ್ಲಿರುತ್ತೀರಲ್ಲ" ಎಂದಿದ್ದರು. ಹೆರಿಗೆಯ ಹೊತ್ತಿನಲ್ಲಿ, ಮಾವ ತೀರಿಕೊಂಡ ಹೊತ್ತಿನಲ್ಲಿ ಗಂಡ ಯಾವುದೋ ಊರಿನ ಟೂರ್ನಿಯಲ್ಲಿದ್ದ ಮನೆಯ ಹೆಂಗಸು ಇಂಥ ಮಾತು ಆಡುವುದರಲ್ಲಿ ತಪ್ಪೇನೂ ಇಲ್ಲ. ಈರಣ್ಣ ಅದನ್ನು ತಮ್ಮ ಸೋಲಿನ ಸಂಭ್ರಮವೆಂದು ಕೇಳಿಸಿಕೊಂಡರು. ಇಬ್ಬರನ್ನೂ ಎದುರು ಬದುರು ಕೂರಿಸಿ, ಅವಳಿಗೆ ಆದ ಸಮಾಧಾನವೂ ನಿಮಗೆ ಆದ ದುಃಖವೂ ಒಂದೇ ಮನೆಯಲ್ಲಿ ಇರಬಹುದು, ಒಂದನ್ನು ಹೊರಗೆ ಹಾಕಬೇಕಿಲ್ಲ ಎಂದು ಹೇಳಿದೆ.

ಬಂಧುಗಳೂ ಹಿತೈಷಿಗಳೂ ಮೊದಲ ದಿನದಿಂದಲೇ "ಕೋಚ್ ಆಗಿಬಿಡು" ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಅದು ಹೆಣ ಇನ್ನೂ ಮನೆಯಲ್ಲಿರುವಾಗಲೇ ಎರಡನೆಯ ಸಂಬಂಧ ನೋಡಿದ ಹಾಗೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಆರು ವಾರಗಳ ಪ್ರಮಾಣಪತ್ರ ಕೋರ್ಸ್ ಇದೆ, ಒಂದು ವರ್ಷದ ಡಿಪ್ಲೊಮಾ ಇದೆ. ಆ ಮಾಹಿತಿಯನ್ನು ಕೊಟ್ಟೆ, ತೀರ್ಮಾನಕ್ಕೆ ಆತುರ ಬೇಡವೆಂದೂ ಹೇಳಿದೆ. ದುಃಖಪಡಲು ಅವರಿಗೆ ಹಕ್ಕಿದೆ, ಅದಕ್ಕೆ ಕಾಲ ಬೇಕು.

ಭಾರತ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದ ಶ್ರೀಜೇಶ್ ಅವರ ಹೆಸರು ಈರಣ್ಣನವರ ಮಾತಿನಲ್ಲಿ ಪದೇ ಪದೇ ಬರುತ್ತಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಮೊದಲೇ ಘೋಷಿಸಿದಂತೆ ನಿವೃತ್ತರಾದವರು ಅವರು. ಅವರ 16ನೇ ಸಂಖ್ಯೆಯ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನು ಯಾರಿಗೂ ಕೊಡುವುದಿಲ್ಲವೆಂದು ಹಾಕಿ ಇಂಡಿಯಾ ಸಾರಿತು. "ಮುಗಿಸಿದರೆ ಹಾಗೆ ಮುಗಿಸಬೇಕು" ಎನ್ನುತ್ತಿದ್ದರು ಈರಣ್ಣ. ನಾನು ಬೇರೆ ಇಬ್ಬರನ್ನು ನೆನಪಿಸಿದೆ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ 32 ವರ್ಷಗಳ ಬಳಿಕ ಚಿನ್ನ ತಂದುಕೊಟ್ಟ ನಾಯಕ ಧನರಾಜ್ ಪಿಳ್ಳೈ, ಆ ಗೆಲುವಿನ ಬೆನ್ನಿಗೇ ತಂಡದಿಂದ ಹೊರಬಿದ್ದರು. ಮತ್ತೆ ಮರಳಿ ಬಂದು ಒಟ್ಟು ನಾಲ್ಕು ಒಲಿಂಪಿಕ್ಸ್ ಆಡಿದರು. ನಮ್ಮ ಕೊಡಗಿನ ಎಸ್. ವಿ. ಸುನಿಲ್ ಎರಡು ಒಲಿಂಪಿಕ್ಸ್ ಆಡಿದವರು. 41 ವರ್ಷಗಳ ಬಳಿಕ ಪದಕ ಬಂದ ಟೋಕಿಯೊ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ, ಅದೇ 2021ರಲ್ಲಿ ನಿವೃತ್ತರಾದರು. ಅವರ ಓಟ ಕಂಡವರು ಯಾರೂ ಒಲಿಂಪಿಕ್ಸ್ ಪದಕವಿಲ್ಲವೆಂದು ಅವರನ್ನು ಕಡಿಮೆ ಎಣಿಸಿಲ್ಲ. ಈರಣ್ಣ ತಲೆಯಾಡಿಸಿದರು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ತಮ್ಮ ನಂತರ ಏನು ಉಳಿಯುತ್ತದೆ ಎಂಬ ಪ್ರಶ್ನೆ ಅವರನ್ನು ಬಹಳ ಕಾಡಿತ್ತು. ಮಗನಿಗೆ ಹದಿಮೂರು ವರ್ಷ, ಅವನಿಗೆ ಹಾಕಿ ಬೇಡ, ಚಿತ್ರ ಬಿಡಿಸುತ್ತಾನೆ. ಅವನ ಕೈಯಲ್ಲಿ ಕೋಲು ಹಿಡಿಸುವ ಒತ್ತಾಯವನ್ನು ಇವತ್ತೇ ನಿಲ್ಲಿಸಿ ಎಂದು ನಾನು ಕಟುವಾಗಿಯೇ ಹೇಳಿದೆ. ಅಪ್ಪನ ಅಪೂರ್ಣ ಋತುವನ್ನು ಆಡಿ ಮುಗಿಸಲು ಮಗ ಹುಟ್ಟಿರುವುದಿಲ್ಲ. ಅಣ್ಣನ ಮಗ ಒಳ್ಳೆಯ ಆಟಗಾರ, ಈಗ ಅವರ ಸ್ಥಾನದಲ್ಲಿ ಆಡುವವನು ಅವನೇ. ಅವನನ್ನು ಕಂಡರೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ ಎಂದು ತಲೆ ತಗ್ಗಿಸಿ ಹೇಳಿದರು. ಹೇಳಿಕೊಂಡದ್ದೇ ಒಳ್ಳೆಯದಾಯಿತು.

ಒಂದು ಭೇಟಿಗೆ ಆ ಹುಡುಗನೂ ಬಂದಿದ್ದ. ಮೈದಾನದ ಹುಡುಗರು ಕಾಕಾನ ಬಗ್ಗೆ ಏನು ಮಾತನಾಡುತ್ತಾರೆ ಎಂದು ಕೇಳಿದೆ. ಮುರಿದ ಕೋಲುಗಳನ್ನು ಮನೆಗೆ ಒಯ್ದು, ಅಂಟು ಹಾಕಿ, ದಾರ ಸುತ್ತಿ, ಮೇಲೆ ಟೇಪ್ ಬಿಗಿದು ಬಡ ಹುಡುಗರಿಗೆ ಕೊಡುತ್ತಿದ್ದುದನ್ನೇ ಎಲ್ಲರೂ ಹೇಳುತ್ತಾರೆ ಎಂದ. ಈರಣ್ಣನವರಿಗೆ ಸಂತೋಷವಾಗುತ್ತದೆಂದು ಅವನು ಎಣಿಸಿದ್ದ. ಅವರಿಗೆ ಸಿಟ್ಟು ಬಂತು. "ಇಷ್ಟು ವರ್ಷ ಆಡಿದ್ದಕ್ಕೆ ಕೋಲಿಗೆ ಟೇಪ್ ಸುತ್ತಿದ್ದೇ ನೆನಪೇನು?" ಎಂದು ಎದ್ದು ನಿಂತರು. ನಾನು ಅವರನ್ನು ಸಮಾಧಾನಪಡಿಸಲು ಹೋಗಲಿಲ್ಲ. ಜೀವಮಾನದ ಬೆವರು ಸುರಿಸಿ ಹೊಡೆದ ಗೋಲುಗಳನ್ನು ಊರು ಮರೆತರೆ ಆಟಗಾರನಿಗೆ ನೋವಾಗಲೇಬೇಕು. ಜನ ಏನನ್ನು ನೆನಪಿಡಬೇಕೆಂದು ನಾವು ಗೊತ್ತುಮಾಡಲಾಗುವುದಿಲ್ಲ. ಯಾವಾಗ, ಹೇಗೆ ಮೈದಾನ ಬಿಡಬೇಕೆಂಬುದನ್ನು ಮಾತ್ರ ಇನ್ನೂ ಅವರು ತೀರ್ಮಾನಿಸಬಹುದಿತ್ತು.

ಅದಕ್ಕಾಗಿಯೇ ಸನ್ಮಾನದ ವಿಷಯದಲ್ಲಿ ಸ್ಪಷ್ಟ ಸಲಹೆ ಕೊಟ್ಟೆ. ಸಂಘದ ಪದಾಧಿಕಾರಿಗಳನ್ನೂ ತರಬೇತುದಾರರನ್ನೂ ಖುದ್ದಾಗಿ ಕಂಡು, ಪತ್ರಿಕೆಯಿಂದ ತಮಗಾದ ನೋವನ್ನು ದನಿ ಏರಿಸದೆ ಹೇಳುವುದು. ತಂಡದಲ್ಲಿ ತಮ್ಮ ಸ್ಥಾನವೇನೆಂದು ನೇರವಾಗಿ ಕೇಳುವುದು. ಉತ್ತರ ಸಿಗುವ ತನಕ ಶಾಲು, ಹಾರ ಬೇಡವೆಂದು ತಿಳಿಸುವುದು. ಇಲ್ಲಿ ನನ್ನದೂ ಒಂದು ಮಾತಿದೆ. ನಮ್ಮ ಸಂಘ ಸಂಸ್ಥೆಗಳಲ್ಲಿ ಹಿರಿಯನಿಗೆ "ನಿನ್ನ ಸರದಿ ಮುಗಿಯಿತು" ಎಂದು ಹೇಳುವ ಎದೆಗಾರಿಕೆ ಇಲ್ಲದಾಗ ಶಾಲು ಹೊದಿಸುತ್ತಾರೆ. ಅದು ಗೌರವದ ವೇಷದಲ್ಲಿರುವ ಕ್ರೌರ್ಯ. ಎದುರು ಕೂರಿಸಿಕೊಂಡು, ಕಣ್ಣು ನೋಡಿ ಹೇಳಿದರೆ ಆಟಗಾರ ತಡೆದುಕೊಳ್ಳುತ್ತಾನೆ. ಸೋಲು ಅವನಿಗೆ ಹೊಸದಲ್ಲ.

ಭೇಟಿ ನಡೆಯಿತು. ಹೇಳಲು ಬಾಯಿ ಬರಲಿಲ್ಲವೆಂದು ತರಬೇತುದಾರರು ಒಪ್ಪಿಕೊಂಡರಂತೆ. ಸನ್ಮಾನ ಮುಂದೂಡಲಾಯಿತು. ಲೀಗ್ ಹಂತದ ಪಂದ್ಯಗಳಿಗೆ ಈರಣ್ಣನವರನ್ನು ತಂಡದಲ್ಲಿ ಉಳಿಸಿಕೊಳ್ಳುವುದು, ಅಲ್ಲಿಂದ ಮುಂದೆ ಅವರೇ ನಿವೃತ್ತಿಯ ಪತ್ರ ಬರೆದುಕೊಡುವುದು ಎಂದು ಮಾತಾಯಿತು. ಮೂಳೆ ವೈದ್ಯರು ಕೆಲವು ನಿಮಿಷಗಳ ಆಟಕ್ಕಷ್ಟೇ ಒಪ್ಪಿಗೆ ಕೊಟ್ಟಿದ್ದರು. ಮೊದಲ ಪಂದ್ಯದಲ್ಲಿ ತಂಡ ಸೋತಿತು, ಅವರೂ ಚೆನ್ನಾಗಿ ಆಡಲಿಲ್ಲ. ಎರಡನೆಯದರಲ್ಲಿ ಆಡಿದರು. ಮೂರನೆಯದಕ್ಕೆ ಮುಂಚಿನ ಸಂಜೆ, ಮೊಣಕಾಲು ಊದಿದ್ದರಿಂದ, ಬೆಂಚಿನ ಮೇಲೂ ಕೂರುವುದಿಲ್ಲವೆಂದು ತಾವೇ ಹೇಳಿ ಪತ್ರ ಕೊಟ್ಟರು.

ಈಗ ನಿದ್ದೆ ಪರವಾಗಿಲ್ಲ. ಡಿಮ್ಹಾನ್ಸ್‌ನ ಔಷಧ ಮುಂದುವರಿದಿದೆ, ತಾವಾಗಿ ನಿಲ್ಲಿಸಬಾರದೆಂದು ಒತ್ತಿ ಹೇಳಿದ್ದೇನೆ. ಕುಡಿತ ತಗ್ಗಿದೆ, ನಿಂತಿಲ್ಲ, ಅದರ ಬಗ್ಗೆ ಇನ್ನೂ ಕೆಲಸವಿದೆ. ಬೆಳಗ್ಗೆ ಐದಕ್ಕೆ ಏಳುವುದನ್ನು ಬಿಡಬೇಡಿ ಎಂದಿದ್ದೆ, ಉಣಕಲ್ ಕೆರೆಯ ದಂಡೆಯಲ್ಲಿ ನಡೆಯುತ್ತಾರೆ. ಪಟಿಯಾಲದ ಅರ್ಜಿಯ ಬಗ್ಗೆ ಅವರು ಮಾತೆತ್ತಿಲ್ಲ, ನಾನೂ ಕೇಳಿಲ್ಲ. ಹೆಂಡತಿ ತಮಗೂ ಒಬ್ಬರೇ ಮಾತನಾಡಬೇಕೆಂದು ಕೇಳಿದ್ದಾರೆ. ಮುಂದಿನ ಭೇಟಿ ಅವರದ್ದು, ಮಗ ಶಾಲೆಯಲ್ಲಿರುವ ಮಧ್ಯಾಹ್ನದ ಹೊತ್ತನ್ನು ಅವರೇ ಗೊತ್ತುಮಾಡಿದ್ದಾರೆ.