ವೀಟೋ ಇದ್ದರೂ ವಿಶ್ವ ಸಂಸತ್ತು ಸಾಧ್ಯವೇ?

ವೀಟೋ, ಅಂದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಕಾಯಂ ಸದಸ್ಯರಲ್ಲಿ ಒಬ್ಬರೇ ನಿರ್ಣಯವನ್ನು ತಡೆಯುವ ಅಧಿಕಾರ, ಇರುವವರೆಗೆ ವಿಶ್ವ ಸಂಸತ್ತಿನ (ಎಲ್ಲ ದೇಶಗಳ ಜನಪ್ರತಿನಿಧಿಗಳ ಸಭೆ) ಮಾತೇ ದಂಡ ಅಲ್ಲವೇ ಎಂದು ಕೇಳಿದ್ದೀರಿ. ಅರ್ಧ ನಿಜ.

ವಿಶ್ವಸಂಸ್ಥೆಯ ಸನ್ನದನ್ನೇ ತಿದ್ದಬೇಕಾದರೆ 108ನೇ ವಿಧಿ ಅಡ್ಡ ಬರುತ್ತದೆ. 193 ಸದಸ್ಯರಲ್ಲಿ 129 ದೇಶಗಳು ಒಪ್ಪಿ ಅನುಮೋದಿಸಿದರೂ ಐದು ಕಾಯಂ ಸದಸ್ಯರಲ್ಲಿ (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಒಬ್ಬರು ಅನುಮೋದಿಸದಿದ್ದರೆ ಮುಗಿಯಿತು. 109ನೇ ವಿಧಿಯಡಿ ಪರಿಶೀಲನಾ ಸಮಾವೇಶ ಕರೆಯುವುದಕ್ಕೆ ಮಾತ್ರ ವೀಟೋ ಇಲ್ಲ: ಸಾಮಾನ್ಯ ಸಭೆಯ ಮೂರನೇ ಎರಡು ಭಾಗ, ಜೊತೆಗೆ ಭದ್ರತಾ ಮಂಡಳಿಯ ಯಾವುದೇ ಒಂಬತ್ತು ಮತ ಸಾಕು. ಆದರೆ ಅಲ್ಲಿ ಆದ ತೀರ್ಮಾನ ಜಾರಿಯಾಗಲು ಮತ್ತೆ ಆ ಐವರೇ ಬೇಕು.

ಹಾಗಂತ ಐವರ ವಿರೋಧ ಶಾಶ್ವತವೇನಲ್ಲ. 1963ರಲ್ಲಿ ಭದ್ರತಾ ಮಂಡಳಿಯನ್ನು 11ರಿಂದ 15ಕ್ಕೆ ಏರಿಸುವಾಗ ಫ್ರಾನ್ಸ್, ಸೋವಿಯತ್ ಒಕ್ಕೂಟ ವಿರುದ್ಧ ಮತ ಹಾಕಿದವು. ಅಮೆರಿಕ, ಬ್ರಿಟನ್ ತಟಸ್ಥ. 1965ರೊಳಗೆ ಎಲ್ಲರೂ ಅನುಮೋದಿಸಿದರು.

ನಿಮಗೆ ಬೇಕಾದ ದಾರಿ 22ನೇ ವಿಧಿ. ಅದರಡಿ ಸಾಮಾನ್ಯ ಸಭೆ ತಾನೇ ಅಂಗಸಂಸ್ಥೆ ಕಟ್ಟಬಹುದು, ವೀಟೋ ಲೆಕ್ಕಕ್ಕಿಲ್ಲ. 2006ರಲ್ಲಿ ಮಾನವ ಹಕ್ಕುಗಳ ಮಂಡಳಿ ಹೀಗೇ ಆಯಿತು, ಅಮೆರಿಕ ಬೇಡವೆಂದರೂ 170-4 ಮತಗಳಿಂದ. ಸಂಸದೀಯ ಸಭೆಯನ್ನೂ ಹೀಗೆ ರಚಿಸಬಹುದು. ಅದು ಸಲಹೆ ಕೊಡಬಹುದೇ ಹೊರತು ಕಾನೂನು ಮಾಡಲಾಗದು, ತೆರಿಗೆ ಎತ್ತಲಾಗದು. ಯುರೋಪಿನ ಸಂಸತ್ತೂ 1952ರಲ್ಲಿ 78 ನಾಮನಿರ್ದೇಶಿತರ ಸಭೆಯಾಗಿತ್ತು; ನೇರ ಚುನಾವಣೆಗೆ 1979 ಬರಬೇಕಾಯಿತು.

ನನ್ನ ಪ್ರಕಾರ ನಿಜವಾದ ಕಗ್ಗಂಟು ವೀಟೋ ಅಲ್ಲ, ಸೀಟು ಹಂಚಿಕೆ. ಬರೀ ಜನಸಂಖ್ಯೆ ಹಿಡಿದರೆ ಭಾರತ, ಚೀನಾ ಎರಡಕ್ಕೇ ಮೂರನೇ ಒಂದರಷ್ಟು ಸೀಟು ಹೋಗುತ್ತದೆ. ದೇಶಕ್ಕೊಂದೇ ಅಂದರೆ ಸುಮಾರು ಹತ್ತು ಸಾವಿರ ಜನರ ಟುವಾಲು ನಮಗೆ ಸಮ. ಜನಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಸೀಟು ಕೊಡುವ ಸೂತ್ರ ಇವೆರಡರ ನಡುವೆ ಬರುತ್ತದೆ, ಆದರೆ ದೊಡ್ಡ ದೇಶಗಳನ್ನು ಅದಕ್ಕೆ ಒಪ್ಪಿಸುವುದು ಸುಲಭವಲ್ಲ, ನಮ್ಮನ್ನೂ ಸೇರಿಸಿ.