ಪ್ರಯೋಗದಲ್ಲಿ ‘ಕಂಟ್ರೋಲ್’ ಯಾಕೆ ಬೇಕು?

ಹಾಲು ಮೊಸರಾಗುವುದು ಹೆಪ್ಪಿನಲ್ಲಿರುವ ಜೀವಂತ ಬ್ಯಾಕ್ಟೀರಿಯಾದಿಂದ ಅನ್ನುವುದು ನಿಮ್ಮ ಊಹೆ ಅಂದುಕೊಳ್ಳಿ. ಕಾಯಿಸಿ ಆರಿಸಿದ ಹಾಲನ್ನು ಮೂರು ಬಟ್ಟಲಿಗೆ ಹಾಕಿ. ಒಂದಕ್ಕೆ ಒಂದು ಚಮಚ ಹೆಪ್ಪು. ಇನ್ನೊಂದಕ್ಕೆ ಏನೂ ಬೇಡ, ಇದೇ ಕಂಟ್ರೋಲ್, ಅಂದರೆ ಹೋಲಿಸಿ ನೋಡೋಕೆ ಇಟ್ಟ ಬಟ್ಟಲು. ಇದಿಲ್ಲದಿದ್ದರೆ ‘ನಮ್ಮ ವಿಜಯಪುರದ ಬಿಸಿಲಿಗೇ ಹಾಲು ಕೆಟ್ಟಿತು’ ಅಂತ ಯಾರಾದರೂ ವಾದ ಮಾಡಬಹುದು, ಅಲ್ವಾ? ಮೂರನೆಯದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ಹೆಪ್ಪು ಒಂದು ಚಮಚ. ನನಗೆ ಇದೇ ಜಾಸ್ತಿ ಇಷ್ಟ: ಹೆಪ್ಪು ಇದೆ, ಜೀವ ಮಾತ್ರ ಇಲ್ಲ. (ಹಾಲು ಹಾಳಾಯಿತು ಅಂತ ಅವ್ವ ಬೈದಳು, ಅದು ಬೇರೆ ಮಾತು.) ಐದಾರು ಗಂಟೆ ಬಿಟ್ಟು ಮೂರನ್ನೂ ಓರೆ ಮಾಡಿ ನೋಡಿ. ಮೊದಲನೆಯದು ಗಟ್ಟಿಯಾಗಿರುತ್ತದೆ, ಉಳಿದೆರಡು ಇನ್ನೂ ಹಾಲಾಗಿಯೇ ಹರಿಯುತ್ತವೆ. ಮರುದಿನದವರೆಗೆ ಕಾಯಬೇಡಿ, ಗಾಳಿಯಲ್ಲಿರುವ ಬ್ಯಾಕ್ಟೀರಿಯಾ ಬಿದ್ದು ಅವೂ ಕೆಡುತ್ತವೆ.