ನೆಲಮಾಳಿಗೆಯ ಚಳಿಗೆ ಮುನ್ನ ತೇವ ನೋಡಿ

ಪ್ರಶ್ನೆ: ನಮ್ಮದು ಸುಮಾರು 80 ವರ್ಷ ಹಳೆಯ ಮನೆ. ಚಳಿಗಾಲದಲ್ಲಿ ನೆಲಮಾಳಿಗೆ ಕೊರೆಯುತ್ತದೆ. ಅದರ ಮೇಲಿನ ಕೋಣೆಯ ನೆಲವೂ ಕಾಲಿಡಲಾಗದಷ್ಟು ತಣ್ಣಗಿರುತ್ತದೆ. ಕಾಂಕ್ರೀಟ್ ಗೋಡೆಗೆ ಮರದ ಚೌಕಟ್ಟು ನಿಲ್ಲಿಸಿ, ಗಾಜಿನ ಉಣ್ಣೆ (ಶಾಖ ತಡೆಯುವ ಗಾಜಿನ ನಾರು) ತುಂಬಿ, ಪ್ಲಾಸ್ಟಿಕ್ ಹಾಳೆ ಹೊದಿಸುವುದಾಗಿ ಕೆಲಸದವರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ಇದೇ ಕೆಲಸವನ್ನು ಹಿಂದೊಮ್ಮೆ ನಾನೇ ಒಬ್ಬರ ಮನೆಯಲ್ಲಿ ಮಾಡಿಸಿದ್ದೆ. ಮೂರನೆಯ ಚಳಿಗಾಲ ಕಳೆದ ಮೇಲೆ, ಮುಗ್ಗಲು ವಾಸನೆ ಬರುತ್ತಿದೆಯೆಂದು ಅವರು ಕರೆದರು. ಹಲಗೆ ಕಿತ್ತರೆ ಉಣ್ಣೆ ನೀರು ಕುಡಿದು ಜೋತುಬಿದ್ದಿತ್ತು. ಚೌಕಟ್ಟಿನ ಹಿಂಬದಿಯೆಲ್ಲ ಕಪ್ಪು ಬೂಷ್ಟು. ಆ ತಪ್ಪು ನನ್ನದು, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಉಣ್ಣೆ ಗಾಳಿಯನ್ನು ತಡೆಯುವುದಿಲ್ಲ. ಕೋಣೆಯ ಬೆಚ್ಚನೆಯ ಗಾಳಿ ಸಂದುಗಳಿಂದ ನುಸುಳಿ ತಣ್ಣನೆಯ ಕಾಂಕ್ರೀಟನ್ನು ಮುಟ್ಟಿದೊಡನೆ ಅದರಲ್ಲಿನ ಆವಿ ನೀರಾಗುತ್ತದೆ. ಇತ್ತ ಗೋಡೆ ಮಣ್ಣಿನಿಂದಲೂ ತೇವ ಎಳೆಯುತ್ತದೆ. ಪ್ಲಾಸ್ಟಿಕ್ ಹಾಳೆಯಿದ್ದರೆ ಎರಡಕ್ಕೂ ಒಣಗುವ ದಾರಿಯಿಲ್ಲ.

ತೇವ ಎಲ್ಲಿಂದ ಬರುತ್ತಿದೆಯೆಂದು ಮೊದಲು ತಿಳಿಯಬೇಕು. ಅದಕ್ಕೆ ಸುಮಾರು 60 ಸೆಂ.ಮೀ. ಚೌಕದ ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಅಂಚು ಬಿಗಿಯಾಗಿ ಗೋಡೆಗೆ ಅಂಟಿಸಿ 2 ದಿನ ಬಿಡಿ. ಕೋಣೆಯ ಕಡೆ ಹನಿ ಕಂಡರೆ ಅದು ಒಳಗಾಳಿಯ ತೇವ. ಗೋಡೆಯ ಕಡೆ ಕಂಡರೆ ನೀರು ಹೊರಗಿನಿಂದ ಬರುತ್ತಿದೆ; ಹೊದಿಕೆಯ ಮಾತು ಸದ್ಯಕ್ಕೆ ಬೇಡ. ಸೂರಿನ ನೀರಿನ ಕೊಳವೆಯನ್ನು ಪಾಯದಿಂದ ದೂರ ಒಯ್ಯಿರಿ. ಮನೆಯ ಸುತ್ತ ಮೊದಲ 3 ಮೀಟರಿನಲ್ಲಿ 15 ಸೆಂ.ಮೀ. ಇಳಿಜಾರು ಬರುವಂತೆ ಮಣ್ಣು ಏರಿಸಿ. ನಾಲ್ಕಾರು ದೊಡ್ಡ ಮಳೆ ಹೋಗಲಿ, ಮತ್ತೆ ಪರೀಕ್ಷಿಸಿ.

ಗೋಡೆ ಒಣಗಿದ ಮೇಲೆ 5 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಹಲಗೆಯನ್ನು ನೇರವಾಗಿ ಕಾಂಕ್ರೀಟಿಗೇ ಅಂಟಿಸಿ, ಸಂದುಗಳಿಗೆಲ್ಲ ಟೇಪ್ ಹಾಕಿಸಿ. ಚೌಕಟ್ಟು ಅದರ ಮುಂದೆ ಬರಲಿ. ಫೋಮ್ ಬೆಂಕಿಗೆ ತುತ್ತಾಗುವ ವಸ್ತು. ಸುಮಾರು 12 ಮಿ.ಮೀ. ಜಿಪ್ಸಮ್ ಹಲಗೆಯಿಂದ ಮುಚ್ಚಲೇಬೇಕು. ಆ ಹಲಗೆಯ ಕೆಳ ಅಂಚು ನೆಲಕ್ಕೆ ತಾಗದಿರಲಿ.

ಪಾಯದ ಗೋಡೆಯ ನೆತ್ತಿಯನ್ನು, ಅಂದರೆ ತೊಲೆಗಳು ಕೂರುವ ಜಾಗವನ್ನು, ಹೆಚ್ಚಿನವರು ಮರೆಯುತ್ತಾರೆ. ಹಳೆಯ ಮನೆಗಳಲ್ಲಿ ಚಳಿಗಾಳಿ ಹೆಚ್ಚಾಗಿ ನುಗ್ಗುವುದು ಅಲ್ಲಿಂದಲೇ. ನಿಮ್ಮ ಮೇಲಿನ ಕೋಣೆಯ ನೆಲ ತಣ್ಣಗಾಗಲು ಅದೂ ಕಾರಣವಿರಬೇಕು. ತೊಲೆಗಳ ನಡುವೆ ಫೋಮ್ ತುಂಡು ಕೂರಿಸಿ, ಸುತ್ತಲೂ ಸ್ಪ್ರೇ ಫೋಮಿನಿಂದ ಮುಚ್ಚಿಸಿ. ಹಣ ಸಾಲದಿದ್ದರೆ, ಗೋಡೆ ಒಣಗಿದ್ದರೂ, ಮೊದಲು ಇದನ್ನೇ ಮಾಡಿಸಿ.

ಗೋಡೆಯ ಯಾವುದಾದರೂ ಭಾಗ ಸುಣ್ಣದ ಗಾರೆಯ ಇಟ್ಟಿಗೆಯದಾಗಿದ್ದರೆ ಅಲ್ಲಿಗೆ ಫೋಮ್ ಅಂಟಿಸುವ ಮುನ್ನ ಹಳೆಯ ಕಟ್ಟಡ ಬಲ್ಲವರಿಗೆ ತೋರಿಸಿ. ಒಳಗಿನ ಶಾಖ ತಪ್ಪಿದರೆ ಇಟ್ಟಿಗೆಯೊಳಗಿನ ತೇವ ಹೆಪ್ಪುಗಟ್ಟಿ ಚಕ್ಕೆ ಏಳಬಹುದು. ಪೈಪುಗಳಿಗೆ ಸುತ್ತಿದ ಹಳೆಯ ಬಿಳಿ ಪಟ್ಟಿಯಿದ್ದರೆ ಅದು ಆಸ್ಬೆಸ್ಟಾಸ್ (ಉಸಿರಿನೊಡನೆ ಒಳಹೋದರೆ ಶ್ವಾಸಕೋಶಕ್ಕೆ ಅಪಾಯ ತರುವ ಖನಿಜ ನಾರು) ಆಗಿರಬಹುದು. ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುವವರೆಗೆ ಯಾರೂ ಅದನ್ನು ಕೀಳದಂತೆ ನೋಡಿಕೊಳ್ಳಿ.